ಕತ್ತರಿಗೆ ಸಿಗದ ಭಯ

ಇಂಗ್ಲೆಂಡಿನ ಕೆಂಟ್ ಸೀಮೆಯ ಒಂದು ಹಳ್ಳಿಮನೆ. ವಾಲ್ಟರ್ ಕ್ರೇಗ್ ಎಂಬ ವಾಸ್ತುಶಿಲ್ಪಿ ಕಾರಿನಲ್ಲಿ ಬಂದಿಳಿಯುತ್ತಾನೆ. ಮನೆಯನ್ನು ದೊಡ್ಡದು ಮಾಡಿಕೊಡಬೇಕೆಂದು ಮಾಲೀಕ ಅವನನ್ನು ಕರೆಸಿಕೊಂಡಿದ್ದಾನೆ. ಒಳಗೆ ಐದಾರು ಜನ ಕೂತು ಚಹಾ ಕುಡಿಯುತ್ತಿದ್ದಾರೆ. ಅವರಲ್ಲಿ ಯಾರನ್ನೂ ಕ್ರೇಗ್ ಹಿಂದೆ ಕಂಡವನಲ್ಲ. ಆದರೂ ಒಬ್ಬೊಬ್ಬರೂ ಅವನಿಗೆ ಗೊತ್ತು. ಇವರೆಲ್ಲ ತನ್ನ ಕನಸಿನಲ್ಲಿ ಮತ್ತೆ ಮತ್ತೆ ಬಂದವರು ಎನ್ನುತ್ತಾನೆ. ಮುಂದೆ ಏನಾಗುತ್ತದೆ ಎಂಬುದೂ ತುಸು ನೆನಪಿದೆ: ಸ್ವಲ್ಪ ಹೊತ್ತಿಗೆ ಇನ್ನೊಬ್ಬಳು ಹೆಂಗಸು ಬರುತ್ತಾಳೆ, ಅವಳ ಕೈಯಲ್ಲಿ ಕಾಸಿರುವುದಿಲ್ಲ, ಡಾಕ್ಟರ ಕನ್ನಡಕ ಒಡೆಯುತ್ತದೆ, ಆಮೇಲೆ ಏನೋ ಭಯಂಕರವಾದದ್ದು ನಡೆಯುತ್ತದೆ. ಅಲ್ಲಿದ್ದ ಮನೋವೈದ್ಯ ಡಾ. ವಾನ್ ಸ್ಟ್ರಾಟನ್ ಇದನ್ನು ಒಪ್ಪುವುದಿಲ್ಲ. ಉಳಿದವರಿಗೆ ಮಾತ್ರ ಕುತೂಹಲ. ತಮಗೂ ಇಂಥದೇ ಒಂದು ಅನುಭವ ಆಗಿತ್ತು ಎಂದು ಒಬ್ಬೊಬ್ಬರಾಗಿ ಕಥೆ ಬಿಚ್ಚುತ್ತಾರೆ.

ಇದು 1945ರ ಸೆಪ್ಟೆಂಬರ್‌ನಲ್ಲಿ ತೆರೆಕಂಡ ‘ಡೆಡ್ ಆಫ್ ನೈಟ್’ ಚಿತ್ರದ ಆರಂಭ. ಹಲವು ಸಣ್ಣ ಭಯದ ಕಥೆಗಳನ್ನು ಒಂದು ಹೊರಕಥೆಯಲ್ಲಿ ಕೂರಿಸುವ ಹಾರರ್ ಆಂಥಾಲಜಿ ಪ್ರಕಾರಕ್ಕೆ ಈ ಚಿತ್ರ ಇವತ್ತಿಗೂ ಅಳತೆಗೋಲು. ಲಂಡನ್ನಿನ ಈಲಿಂಗ್ ಸ್ಟುಡಿಯೋದಲ್ಲಿ ಮೈಕೆಲ್ ಬಾಲ್ಕನ್ ಇದನ್ನು ನಿರ್ಮಿಸಿದರು. ನಾಲ್ವರು ನಿರ್ದೇಶಕರು ಕಥೆಗಳನ್ನು ಹಂಚಿಕೊಂಡರು. ಚಿತ್ರ ಅಮೆರಿಕಕ್ಕೆ ಹೋದಾಗ ಅಲ್ಲಿನ ವಿತರಕರಿಗೆ ಅದು ಉದ್ದವೆನಿಸಿತು. ಐದು ಕಥೆಗಳಲ್ಲಿ ಎರಡನ್ನು ತೆಗೆದುಹಾಕಿದರು.

ಹೀಗಾದದ್ದು ಇದೊಂದಕ್ಕೇ ಅಲ್ಲ. ಇಟಲಿಯ ಮಾರಿಯೋ ಬಾವಾ 1963ರಲ್ಲಿ ಮಾಡಿದ, ಇಂಗ್ಲಿಷಿನಲ್ಲಿ ‘ಬ್ಲ್ಯಾಕ್ ಸಬಾತ್’ ಎಂದು ಹೆಸರಾದ ಚಿತ್ರದ ಮೂರು ಕಥೆಗಳ ಕ್ರಮವನ್ನು ಅಮೆರಿಕದಲ್ಲಿ ಹಿಂದುಮುಂದು ಮಾಡಿದರು. ಕೊನೆಯ ದೃಶ್ಯವನ್ನು ಕಿತ್ತೆಸೆದರು. ಜಪಾನಿನ ಮಸಾಕಿ ಕೊಬಯಾಶಿಯವರ ‘ಕ್ವೈದಾನ್’ ಚಿತ್ರದ ನಾಲ್ಕು ಕಥೆಗಳಲ್ಲಿ ಒಂದು ಅಮೆರಿಕದ ಪ್ರತಿಯಲ್ಲಿ ಇರಲೇ ಇಲ್ಲ. ನಮ್ಮ ಸತ್ಯಜಿತ್ ರಾಯ್ 1961ರಲ್ಲಿ ಮಾಡಿದ ‘ತೀನ್ ಕನ್ಯಾ’ ಹೊರದೇಶಕ್ಕೆ ಹೋದಾಗ ನಡುವಿನ ದೆವ್ವದ ಕಥೆಯನ್ನು ಬಿಟ್ಟು ‘ಟು ಡಾಟರ್ಸ್’ ಆಯಿತು.

ಕತ್ತರಿ ಹಿಡಿದವರ ಲೆಕ್ಕಾಚಾರ ಅರ್ಥವಾಗುವಂಥದೇ. ಬಾಳೆಗೊನೆಯಿಂದ ಒಂದು ಚಿಪ್ಪು ಕಿತ್ತರೆ ಉಳಿದ ಕಾಯಿಗೆ ಏನೂ ಆಗುವುದಿಲ್ಲ. ಬಿಡಿ ಕಥೆಗಳ ಸಿನಿಮಾ ಕೂಡ ಹಾಗೇ ಎಂದುಕೊಂಡರು. ಆದರೆ ಕತ್ತರಿಸಿದ ಪ್ರತಿಗಳನ್ನು ಮೂಲದ ಪಕ್ಕ ಇಟ್ಟು ನೋಡಿದರೆ ಬೇರೆಯದೇ ಸತ್ಯ ಕಾಣುತ್ತದೆ. ಈ ಚಿತ್ರಗಳ ಭಯ ಕಥೆಗಳ ಒಳಗೆ ಇರುವುದಕ್ಕಿಂತ ಹೆಚ್ಚಾಗಿ ಕಥೆಗಳು ಒಂದಕ್ಕೊಂದು ಕೂಡುವ ಜಾಗದಲ್ಲಿದೆ. ಹಾರರ್ ಆಂಥಾಲಜಿಯ ಸೆಳೆತದ ಗುಟ್ಟೂ ಅಲ್ಲೇ ಇದೆ ಎಂಬುದು ನನ್ನ ನಂಬಿಕೆ.

ಇಪ್ಪತ್ತು ನಿಮಿಷದ ದೆವ್ವ

ಈ ಪ್ರಕಾರ ಮೂಕಿಚಿತ್ರಗಳ ಕಾಲದಷ್ಟು ಹಳೆಯದು. ಜರ್ಮನಿಯಲ್ಲಿ ರಿಚರ್ಡ್ ಓಸ್ವಾಲ್ಡ್ 1919ರಲ್ಲೇ ಐದು ಭಯಾನಕ ಕಥೆಗಳನ್ನು ಒಂದೇ ಚಿತ್ರದಲ್ಲಿ ಪೋಣಿಸಿದ್ದರು. 1924ರಲ್ಲಿ ಪೌಲ್ ಲೇನಿ ಜಾತ್ರೆಯ ಮೇಣದ ಬೊಂಬೆಗಳ ಸುತ್ತ ಕಥೆ ಹೆಣೆದರು. ಬೊಂಬೆಗಳಿಗೆ ಕಥೆ ಬರೆದುಕೊಡಲು ಬಂದ ಕವಿಯೊಬ್ಬ ತಾನೇ ಆ ಕಥೆಗಳ ಒಳಗೆ ಹೋಗಿಬಿಡುತ್ತಾನೆ. ಅಂದರೆ ಹೊರಗಿದ್ದವನು ಒಳಗಿನವನಾಗುವ ಆಟ ಆಗಲೇ ಶುರುವಾಗಿತ್ತು.

ಭಯಕ್ಕೂ ಸಣ್ಣಕಥೆಗೂ ಇರುವ ನಂಟನ್ನು ಎಡ್ಗರ್ ಆಲನ್ ಪೋ ಚೆನ್ನಾಗಿ ಬಲ್ಲವನಾಗಿದ್ದ. ಒಂದೇ ಕೂತಿನಲ್ಲಿ ಓದಿ ಮುಗಿಸುವ ಬರವಣಿಗೆಗೆ ಮಾತ್ರ ಒಂದೇ ಗಟ್ಟಿ ಪರಿಣಾಮ ಬೀರುವ ಶಕ್ತಿ ಇರುತ್ತದೆ ಎಂದು 1842ರಲ್ಲಿ ಹಾಥಾರ್ನ್ ಕಥೆಗಳ ವಿಮರ್ಶೆಯಲ್ಲಿ ಅವನು ವಾದಿಸಿದ್ದ. ಸಿನಿಮಾಕ್ಕೂ ಈ ಮಾತು ಒಪ್ಪುತ್ತದೆ. ಎರಡೂವರೆ ಗಂಟೆಯ ದೆವ್ವದ ಚಿತ್ರದಲ್ಲಿ ಇಂಟರ್‌ವಲ್ ಆದ ಮೇಲೆ ಯಾರಾದರೂ ಬಂದು ವಿವರಣೆ ಕೊಡಲೇಬೇಕು. ಈ ಮನೆಯಲ್ಲಿ ಹಿಂದೆ ಯಾರು ಸತ್ತರು, ಯಾರ ಮೋಸಕ್ಕೆ ಸತ್ತರು, ಯಾವ ಮಂತ್ರದಿಂದ ಅದು ತೊಲಗುತ್ತದೆ ಎಂದು ಒಬ್ಬ ಮಾಂತ್ರಿಕನೋ ಮುದುಕಿಯೋ ಹೇಳುತ್ತಾರೆ. ಹೇಳಿ ಮುಗಿಸುವ ಹೊತ್ತಿಗೆ ದೆವ್ವ ಅರ್ಧ ಸತ್ತಿರುತ್ತದೆ. ಕಾರಣ ತಿಳಿದ ಮೇಲೆ ಅದು ಪರಿಹರಿಸಬೇಕಾದ ಸಮಸ್ಯೆ ಅಷ್ಟೆ. ಇಪ್ಪತ್ತು ನಿಮಿಷದ ಕಥೆಗೆ ಅಷ್ಟು ಪುರಸೊತ್ತಿಲ್ಲ. ಬಾಗಿಲು ತೆರೆಯುತ್ತದೆ, ಕಾಣಬಾರದ್ದು ಕಾಣುತ್ತದೆ, ಬಾಗಿಲು ಮುಚ್ಚುತ್ತದೆ. ಯಾಕೆ ಎಂಬ ಪ್ರಶ್ನೆ ನೋಡುವವನ ತಲೆಯಲ್ಲೇ ಉಳಿಯುತ್ತದೆ.

ಆದರೆ ಚಿಕ್ಕದಾಗಿರುವುದೇ ಮುಖ್ಯವಾಗಿದ್ದರೆ ಬಿಡಿ ಕಿರುಚಿತ್ರಗಳೇ ಸಾಕಿತ್ತು. ಐದು ಕಥೆಗಳನ್ನು ಒಂದೇ ಕಡೆ ಕೂಡಿಸುವುದರಿಂದ ಏನು ಸಿಗುತ್ತದೆ? ಉತ್ತರಕ್ಕಾಗಿ ಕೆಂಟ್‌ನ ಮನೆಗೇ ಹೋಗಬೇಕು.

ಕನ್ನಡಿ, ಬೊಂಬೆ, ಡಾಕ್ಟರ ಕನ್ನಡಕ

‘ಡೆಡ್ ಆಫ್ ನೈಟ್’ ಬಂದ ಹೊತ್ತನ್ನು ಮರೆಯುವಂತಿಲ್ಲ. ಯುದ್ಧದ ದಿನಗಳಲ್ಲಿ, 1942ರಿಂದ 1945ರವರೆಗೆ, ಹಾರರ್‌ಗೆ ಮೀಸಲಾದ ‘ಎಚ್’ ದರ್ಜೆಯ ಚಿತ್ರಗಳಿಗೆ ಬ್ರಿಟನ್ನಿನ ಸೆನ್ಸಾರ್ ಮಂಡಳಿ ಬಾಗಿಲು ಹಾಕಿತ್ತು. ಬಾಂಬಿನ ಸದ್ದು ಕೇಳಿ ಬಳಲಿದ್ದ ಜನರ ಮುಂದೆ, ಯುದ್ಧ ಮುಗಿದ ಕೂಡಲೇ ಬಂದ ಈ ಚಿತ್ರದಲ್ಲಿ ರಾಕ್ಷಸರಿಲ್ಲ, ಹಾಳುಕೋಟೆ ಇಲ್ಲ, ರಕ್ತವೂ ಇಲ್ಲವೆನ್ನಬೇಕು. ಆಸ್ಪತ್ರೆಯ ಕಿಟಕಿ, ಕ್ರಿಸ್‌ಮಸ್ ದಿನ ಮಕ್ಕಳು ಆಡುವ ಕಣ್ಣುಮುಚ್ಚಾಲೆ, ಮಲಗುವ ಕೋಣೆಯ ಕನ್ನಡಿ, ಗಾಲ್ಫ್ ಮೈದಾನ, ನೈಟ್‌ಕ್ಲಬ್ಬಿನ ವೇದಿಕೆ: ಭಯ ಹುಟ್ಟುವುದು ಇಂಥ ದಿನನಿತ್ಯದ ಜಾಗಗಳಲ್ಲಿ.

ರಾಬರ್ಟ್ ಹೇಮರ್ ನಿರ್ದೇಶಿಸಿದ ಕನ್ನಡಿಯ ಕಥೆಯನ್ನು ನೋಡಿ. ಮದುವೆಯಾಗಲಿರುವ ಹುಡುಗಿ ಜೋನ್ ತನ್ನ ಹುಡುಗನಿಗೆ ಹಳೆಯ ಕನ್ನಡಿಯೊಂದನ್ನು ಉಡುಗೊರೆ ಕೊಡುತ್ತಾಳೆ. ಟೈ ಕಟ್ಟಿಕೊಳ್ಳಲು ಅದರ ಮುಂದೆ ನಿಂತಾಗ ಪೀಟರ್‌ಗೆ ತನ್ನ ಕೋಣೆ ಕಾಣುವುದಿಲ್ಲ. ಕೆತ್ತನೆಯ ಕಂಬಗಳಿರುವ ಮಂಚ, ಉರಿಯುವ ಅಗ್ಗಿಷ್ಟಿಕೆ, ಕತ್ತಲು ತುಂಬಿದ ಬೇರೊಂದು ಕೋಣೆ ಕಾಣುತ್ತದೆ. ಪಕ್ಕದಲ್ಲೇ ನಿಂತ ಜೋನ್‌ಗೆ ಇದಾವುದೂ ಕಾಣದು. ಇಷ್ಟೇ. ಯಾವುದೂ ಕನ್ನಡಿಯಿಂದ ಹೊರಗೆ ನೆಗೆಯುವುದಿಲ್ಲ. ಆದರೆ ದಿನ ಕಳೆದಂತೆ ಪೀಟರ್‌ಗೆ ಹೆಂಡತಿಯ ಮೇಲೆ ಸಂಶಯ ಹತ್ತುತ್ತದೆ. ಹೆಂಡತಿಯ ಕತ್ತು ಹಿಸುಕಿದ ಹಿಂದಿನ ಮಾಲೀಕನೊಬ್ಬನ ಸಂಶಯವೇ ಇವನ ಮೈಯಲ್ಲಿ ಹೊಕ್ಕಂತೆ. ಕೊನೆಯ ಗಳಿಗೆಯಲ್ಲಿ ಜೋನ್‌ಗೂ ಆ ಕೋಣೆ ಕಾಣುವ ಕ್ಷಣ ಇದೆಯಲ್ಲ, ಅದು ಇಡೀ ಚಿತ್ರದ ಅತ್ಯಂತ ಭಯಾನಕ ಕ್ಷಣ. ಗಂಡನಿಗೆ ಭ್ರಮೆ ಎಂದುಕೊಂಡಷ್ಟು ಕಾಲ ಅವಳೂ ನಾವೂ ಸುರಕ್ಷಿತ. ಅವಳಿಗೂ ಕಂಡ ಮೇಲೆ ಆ ಆಸರೆ ಹೋಯಿತು.

ಬೊಂಬೆಯ ಕಥೆಯನ್ನು ನಿರ್ದೇಶಿಸಿದವರು ಬ್ರೆಜಿಲ್ ಮೂಲದ ಅಲ್ಬೆರ್ಟೊ ಕವಲ್‌ಕಾಂಟಿ. ಬೊಂಬೆಗೆ ಮಾತು ಕೊಡುವ ಕಲಾವಿದ ಮ್ಯಾಕ್ಸ್‌ವೆಲ್ ಫ್ರೆರ್ ಆಗಿ ಮೈಕೆಲ್ ರೆಡ್‌ಗ್ರೇವ್ ನಟಿಸಿದ್ದಾರೆ. ಅವನ ಬೊಂಬೆ ಹ್ಯೂಗೊ ವೇದಿಕೆಯ ಮೇಲೆ ಬೇರೊಬ್ಬ ಕಲಾವಿದನನ್ನು ಕಂಡು, ನಿನ್ನ ಜೊತೆ ಬರುತ್ತೇನೆ ಎನ್ನುವ ಧಾಟಿಯಲ್ಲಿ ಮಾತಾಡತೊಡಗುತ್ತದೆ. ಆ ಮಾತು ಆಡಿಸುತ್ತಿರುವವನು ಫ್ರೆರ್ ತಾನೇ? ಹಾಗಾದರೆ ಅವನ ಹಣೆಯಲ್ಲಿ ಬೆವರೇಕೆ? ರೆಡ್‌ಗ್ರೇವ್ ನಗಲು ಯತ್ನಿಸುತ್ತಾರೆ, ಬೊಂಬೆಯ ಬಾಯಿ ಮುಚ್ಚಲು ಕೈ ಒಡ್ಡುತ್ತಾರೆ. ಆ ಕೈಗೆ ಬೊಂಬೆ ಕಚ್ಚುತ್ತದೆ. ಕೊನೆಗೆ ಆಸ್ಪತ್ರೆಯ ಹಾಸಿಗೆಯಲ್ಲಿ ಫ್ರೆರ್ ಬಾಯಿ ತೆರೆದಾಗ ಹೊರಬರುವುದು ಬೊಂಬೆಯ ದನಿ. ಆಮೇಲಿನ ದಶಕಗಳಲ್ಲಿ ಬಂದ ಮಾತಾಡುವ ದುಷ್ಟ ಬೊಂಬೆಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಹ್ಯೂಗೊಗೆ ಋಣಿ.

ಈ ಎರಡರ ನಡುವೆ ಬರುವುದು ಗಾಲ್ಫ್ ಆಟಗಾರರ ನಗೆಕಥೆ. ಎಚ್.ಜಿ. ವೆಲ್ಸ್ ಕಥೆಯೊಂದರ ಎಳೆ ಹಿಡಿದು ಚಾರ್ಲ್ಸ್ ಕ್ರೈಟನ್ ಮಾಡಿದ್ದು. ಅದನ್ನು ಹಲವರು ಚಿತ್ರದ ದುರ್ಬಲ ಭಾಗ ಎನ್ನುತ್ತಾರೆ. ಅಮೆರಿಕದವರು ಮೊದಲು ತೆಗೆದದ್ದರಲ್ಲಿ ಅದೂ ಒಂದು. ಆದರೆ ಕನ್ನಡಿಯ ಬಿಗಿತದಿಂದ ಬಂದ ನೋಡುಗ ಇಲ್ಲಿ ನಕ್ಕು ಮೈ ಸಡಿಲ ಮಾಡಿಕೊಳ್ಳುತ್ತಾನೆ. ಹಾಗೆ ಸಡಿಲಾದ ಮೈಗೆ ಬೊಂಬೆಯ ಕಥೆ ಹೊಡೆಯುವ ಪೆಟ್ಟೇ ಬೇರೆ. ನಗೆಯನ್ನು ತೆಗೆದರೆ ಪೆಟ್ಟಿನ ಬಲವೂ ಇಳಿಯುತ್ತದೆ.

ಈಗ ಹೊರಕಥೆಗೆ ಬರೋಣ. ಪ್ರತಿ ಕಥೆ ಮುಗಿದಾಗಲೂ ಡಾ. ವಾನ್ ಸ್ಟ್ರಾಟನ್ ಒಂದು ವಿವರಣೆ ಕೊಡುತ್ತಾರೆ: ಅಪಘಾತದ ಆಘಾತ, ಹರೆಯದ ಹುಡುಗಿಯ ಕಲ್ಪನೆ, ಗಂಡನ ಭ್ರಮೆ ಹೆಂಡತಿಗೂ ಅಂಟಿದ್ದು. ಮಾಮೂಲಿ ಚಿತ್ರದಲ್ಲಿ ಕಥೆಯನ್ನು ಕೊಲ್ಲುವ ವಿವರಣೆ ಇಲ್ಲಿ ಒಂದು ಪಾತ್ರವಾಗಿ ಕೋಣೆಯಲ್ಲಿ ಕೂತಿದೆ. ನಾವೂ ಡಾಕ್ಟರನ್ನು ನೆಚ್ಚಿಕೊಂಡಿರುತ್ತೇವೆ. ಕೊನೆಗೆ ದೀಪ ಹೋಗಿ, ಡಾಕ್ಟರ ಕನ್ನಡಕ ನೆಲಕ್ಕೆ ಬಿದ್ದು ಒಡೆದಾಗ, ಕ್ರೇಗ್ ತನ್ನ ಕೈಯಾರೆ ಅವರ ಕತ್ತು ಹಿಸುಕುತ್ತಾನೆ. ವಿವರಣೆ ಹೇಳುವವನೇ ಹೋದ. ಅಲ್ಲಿಂದ ಕ್ರೇಗ್ ಓಡುತ್ತಾನೆ. ಆದರೆ ಓಡುವುದು ಎಲ್ಲಿಗೆ? ನಾವು ಈವರೆಗೆ ಕೇಳಿದ ಕಥೆಗಳ ಒಳಕ್ಕೆ. ಕ್ರಿಸ್‌ಮಸ್ ಮನೆಗೆ, ಕನ್ನಡಿಯ ಬಳಿಗೆ, ಕಡೆಗೆ ಸೆರೆಕೋಣೆಗೆ. ಅಲ್ಲಿ ಹ್ಯೂಗೊ ಎದ್ದು ನಿಂತು ತನ್ನ ಕಾಲಿನ ಮೇಲೇ ನಡೆದು ಬರುತ್ತದೆ.

ಕ್ರೇಗ್ ಬೆಚ್ಚಿ ಎಚ್ಚರಗೊಳ್ಳುತ್ತಾನೆ. ಎಲ್ಲ ಕನಸು. ಫೋನ್ ಬಡಿದುಕೊಳ್ಳುತ್ತದೆ: ಕೆಂಟ್‌ನಿಂದ ಯಾರೋ ಮನೆ ದೊಡ್ಡದು ಮಾಡಿಕೊಡಬೇಕೆಂದು ಕರೆಯುತ್ತಿದ್ದಾರೆ. ಕಾರು ಮತ್ತೆ ಅದೇ ದಾರಿ ಹಿಡಿಯುತ್ತದೆ.

ಕ್ರಿಸ್‌ಮಸ್ ಕಥೆಯನ್ನೂ ಗಾಲ್ಫ್ ಕಥೆಯನ್ನೂ ತೆಗೆದ ಪ್ರತಿಯಲ್ಲಿ ಈ ಕೊನೆ ಗೋಜಲಾಗಿಬಿಟ್ಟಿತು. ಎಂದೂ ಕಾಣದ ಮನೆಯೊಳಗೆ ಕ್ರೇಗ್ ಯಾಕೆ ಓಡುತ್ತಿದ್ದಾನೆಂದು ಪ್ರೇಕ್ಷಕನಿಗೆ ತಿಳಿಯುವಂತಿರಲಿಲ್ಲ. ಕಥೆಗಳನ್ನು ಕಂಡವನಿಗೆ ಮಾತ್ರ ಅವು ಸೇಡು ತೀರಿಸಿಕೊಳ್ಳಲು ಬಂದಂತೆ ಕಾಣುತ್ತವೆ.

ಸುತ್ತಿ ಮತ್ತೆ ಮೊದಲಿಗೇ ಬರುವ ಈ ರಚನೆಯ ಪ್ರಭಾವ ಸಿನಿಮಾದಾಚೆಗೂ ಹೋಯಿತು. ಕೇಂಬ್ರಿಜ್‌ನ ಮೂವರು ವಿಜ್ಞಾನಿಗಳು, ಫ್ರೆಡ್ ಹಾಯ್ಲ್, ಹರ್ಮನ್ ಬಾಂಡಿ ಮತ್ತು ಥಾಮಸ್ ಗೋಲ್ಡ್, ಈ ಚಿತ್ರ ನೋಡಿ ಬಂದ ಮೇಲೆ ಆದಿ ಅಂತ್ಯಗಳಿಲ್ಲದ ವಿಶ್ವವೊಂದು ಸಾಧ್ಯವೇ ಎಂಬ ಚರ್ಚೆಗೆ ಇಳಿದರೆಂದು ಹಾಯ್ಲ್ ನೆನಪಿಸಿಕೊಂಡಿದ್ದಾರೆ. 1948ರಲ್ಲಿ ಅವರು ಮಂಡಿಸಿದ ಸ್ಥಿರಸ್ಥಿತಿ ವಿಶ್ವದ ಸಿದ್ಧಾಂತ ಮುಂದೆ ಬಿದ್ದುಹೋಯಿತು. ಆದರೆ ಒಂದು ದೆವ್ವದ ಚಿತ್ರದ ರಚನೆ ಖಗೋಳ ವಿಜ್ಞಾನದ ದೊಡ್ಡ ಚರ್ಚೆಯೊಂದಕ್ಕೆ ಕಿಡಿಯಾಯಿತು ಎಂಬುದು ಉಳಿಯಿತು.

ಐದು ಟಿಕೆಟ್, ಒಂದೇ ನಿಲ್ದಾಣ

ಅಮೆರಿಕದ ಮಿಲ್ಟನ್ ಸುಬೋಟ್ಸ್ಕಿ ಮತ್ತು ಮ್ಯಾಕ್ಸ್ ರೋಸನ್‌ಬರ್ಗ್ ಇಂಗ್ಲೆಂಡಿನಲ್ಲಿ ಆಮಿಕಸ್ ಸಂಸ್ಥೆ ಕಟ್ಟಿ, ಮುಂದೆ ‘ಡೆಡ್ ಆಫ್ ನೈಟ್’ ಅನ್ನು ಮನಸ್ಸಿನಲ್ಲಿಟ್ಟುಕೊಂಡು ಆಂಥಾಲಜಿಗಳಿಗೆ ಕೈ ಹಾಕಿದರು. 1965ರಿಂದ 1974ರವರೆಗೆ ಅವರು ತಂದ ಏಳು ಆಂಥಾಲಜಿಗಳು ಈ ಪ್ರಕಾರದ ಸುಗ್ಗಿಕಾಲ. ಅದರಲ್ಲಿ ವ್ಯಾಪಾರದ ಜಾಣತನವೂ ಇತ್ತು. ಇಡೀ ಚಿತ್ರಕ್ಕೆ ದೊಡ್ಡ ನಟನನ್ನು ಕರೆತಂದರೆ ಸಂಭಾವನೆ ಕೈಗೆ ಎಟುಕದು. ಒಂದೇ ಕಥೆಯಲ್ಲಿ ಕೆಲವೇ ದಿನದ ಕೆಲಸ ಎಂದರೆ ಐದಾರು ಹೆಸರಾಂತರು ಒಂದೇ ಪೋಸ್ಟರಿನಲ್ಲಿ ಸಿಗುತ್ತಾರೆ. ಆ ಕಾಲದ ಇನ್ನೊಂದು ಬ್ರಿಟಿಷ್ ಸಂಸ್ಥೆ ಹ್ಯಾಮರ್ ಕುದುರೆಗಾಡಿ, ಕೋಟೆ, ಕಂದೀಲುಗಳ ಹಳೆಯ ಯೂರೋಪಿನಲ್ಲಿ ಡ್ರ್ಯಾಕುಲಾನನ್ನು ಓಡಾಡಿಸುತ್ತಿದ್ದರೆ, ಆಮಿಕಸ್‌ನ ದೆವ್ವಗಳು ಹೆಚ್ಚಾಗಿ ಆ ದಿನಗಳ ಫ್ಲ್ಯಾಟು, ಆಫೀಸು, ರೈಲುಗಳಲ್ಲೇ ಇದ್ದವು.

ಮೊದಲನೆಯದು ಫ್ರೆಡ್ಡಿ ಫ್ರಾನ್ಸಿಸ್ ನಿರ್ದೇಶನದ ‘ಡಾ. ಟೆರರ್ಸ್ ಹೌಸ್ ಆಫ್ ಹಾರರ್ಸ್’. ರೈಲಿನ ಒಂದು ಕಂಪಾರ್ಟ್‌ಮೆಂಟಿನಲ್ಲಿ ಐವರು ಕೂತಿದ್ದಾರೆ. ಆರನೆಯವನಾಗಿ ನಟ ಪೀಟರ್ ಕುಶಿಂಗ್ ಹತ್ತುತ್ತಾರೆ. ಕುರುಚಲು ಗಡ್ಡ, ಬೆರಳು ಹೊರಗೆ ಕಾಣುವ ಕೈಗವಸು, ಚೀಲದಲ್ಲಿ ಟ್ಯಾರೋ ಎಲೆಗಳ ಕಟ್ಟು. ಒಬ್ಬೊಬ್ಬರಿಗೂ ನಾಲ್ಕು ಎಲೆ ತೆಗೆದು ಭವಿಷ್ಯ ಹೇಳುತ್ತಾರೆ. ಅದರಿಂದ ಪಾರಾಗುವ ದಾರಿ ಐದನೆಯ ಎಲೆಯಲ್ಲಿದೆ. ಪ್ರತಿಯೊಬ್ಬರಿಗೂ ಐದನೆಯ ಎಲೆಯಾಗಿ ಬರುವುದು ಸಾವು. ಕೊನೆಯಲ್ಲಿ ನಿಲ್ದಾಣದಲ್ಲಿ ಇಳಿದವರ ಕಾಲ ಬುಡಕ್ಕೆ ಪತ್ರಿಕೆಯೊಂದು ಹಾರಿ ಬರುತ್ತದೆ. ರೈಲು ಅಪಘಾತದಲ್ಲಿ ಐವರ ಸಾವು ಎಂಬ ಸುದ್ದಿ ಅದರಲ್ಲಿದೆ. ಒಳಗಿನ ಐದು ಕಥೆಗಳಲ್ಲಿ ತೋಳಮಾನವ, ಬಳ್ಳಿ, ಕತ್ತರಿಸಿದ ಕೈ ಎಂದು ಏನೇನೋ ಇವೆ; ಕೆಲವು ಇಂದು ಸಪ್ಪೆ ಎನಿಸಿಯಾವು. ಆದರೆ ಕಂಪಾರ್ಟ್‌ಮೆಂಟು ಸಪ್ಪೆಯಾಗುವುದಿಲ್ಲ. ಹೊರಗೆ ಕತ್ತಲು, ರೈಲು ಓಡುತ್ತಿದೆ, ಎದ್ದು ಹೋಗುವಂತಿಲ್ಲ, ಎದುರಿಗೆ ಕೂತವನು ಎಲೆ ಕಲಸುತ್ತಿದ್ದಾನೆ. ಕೇಳುವವನು ತಪ್ಪಿಸಿಕೊಳ್ಳಲಾಗದ ಜಾಗವನ್ನು ಆರಿಸುವುದು ಈ ಪ್ರಕಾರದ ಮೊದಲ ಪಾಠ.

1972ರ ‘ಟೇಲ್ಸ್ ಫ್ರಮ್ ದ ಕ್ರಿಪ್ಟ್’ ಹುಟ್ಟಿದ್ದು ಅಮೆರಿಕದ ಇ.ಸಿ. ಕಾಮಿಕ್ಸ್‌ನಿಂದ. ವಿಲಿಯಂ ಗೇನ್ಸ್ ಪ್ರಕಟಿಸುತ್ತಿದ್ದ ಆ ಭಯದ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತಿವೆ ಎಂದು 1954ರಲ್ಲಿ ಅಮೆರಿಕದ ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿತ್ತು. ಬ್ರಿಟನ್ ಇಂಥ ಪುಸ್ತಕಗಳ ವಿರುದ್ಧ 1955ರಲ್ಲಿ ಕಾನೂನನ್ನೇ ತಂದಿತ್ತು. ಆದರೆ ಆ ಕಥೆಗಳನ್ನು ಕೂತು ಓದಿದರೆ ಅವುಗಳಷ್ಟು ಕಟ್ಟುನಿಟ್ಟಿನ ನೀತಿಕಥೆಗಳು ಸಿಗುವುದು ಅಪರೂಪ. ಮಾಡಿದ್ದುಣ್ಣೋ ಮಹರಾಯ ಎಂಬುದೇ ಅವುಗಳ ಕಾಯಿದೆ. ತಪ್ಪಿಗೆ ತಕ್ಕ ಶಿಕ್ಷೆ, ಅದೂ ತಪ್ಪಿನದೇ ಆಕಾರದಲ್ಲಿ.

ಆ ಚಿತ್ರದ ಕುರುಡರ ಆಶ್ರಮದ ಕಥೆಯನ್ನು ಮರೆಯಲಾಗದು. ಹೊಸದಾಗಿ ಬಂದ ಅಧಿಕಾರಿ, ನಿವೃತ್ತ ಮೇಜರ್, ಉಳಿತಾಯದ ಹೆಸರಿನಲ್ಲಿ ಕುರುಡರ ಊಟ ಕಡಿತ ಮಾಡುತ್ತಾನೆ, ಚಳಿಗೆ ಬೆಂಕಿ ಕಡಿತ ಮಾಡುತ್ತಾನೆ. ಅವನ ಕೋಣೆಯಲ್ಲಿ ಮಾತ್ರ ಬೆಚ್ಚಗಿದೆ, ಅವನ ನಾಯಿಗೆ ಒಳ್ಳೆಯ ಮಾಂಸ ಸಿಗುತ್ತಿದೆ. ಚಳಿಯಲ್ಲಿ ಒಬ್ಬ ಸಾಯುತ್ತಾನೆ. ಆಮೇಲೆ ಕುರುಡರು ಮಾತಿಲ್ಲದೆ ಮರಗೆಲಸಕ್ಕೆ ತೊಡಗುತ್ತಾರೆ. ನೆಲಮಾಳಿಗೆಯಲ್ಲಿ ಕಿರಿದಾದ ಓಣಿಯೊಂದು ಏಳುತ್ತದೆ. ಅದರ ಗೋಡೆಗಳ ತುಂಬ ರೇಜರ್ ಬ್ಲೇಡುಗಳು. ಒಂದು ತುದಿಯಲ್ಲಿ ಮೇಜರ್, ಇನ್ನೊಂದೆಡೆ ಅವನೇ ಸಾಕಿದ, ಈಗ ಹಸಿದಿರುವ ನಾಯಿ. ಆಗ ಯಾರೋ ದೀಪ ಆರಿಸುತ್ತಾರೆ. ಈ ಕಥೆಯಲ್ಲಿ ದೆವ್ವವೇ ಇಲ್ಲ. ದಯೆ ಸತ್ತ ಒಂದು ಕಚೇರಿ, ಅದರ ಕೆಳಗೆ ನಲುಗಿದ ಜನ, ಅಷ್ಟೆ. ಬಡವರ ಸಿಟ್ಟಿಗೆ ಇಷ್ಟು ನೇರವಾಗಿ ಬಾಯಿ ಕೊಟ್ಟ ದೃಶ್ಯ ಆ ಕಾಲದ ಗಂಭೀರ ಚಿತ್ರಗಳಲ್ಲೂ ಹೆಚ್ಚಿಲ್ಲ.

ಅದೇ ಚಿತ್ರದಲ್ಲಿ ಕುಶಿಂಗ್ ಒಬ್ಬ ಬಡ ಮುದುಕ. ಊರಿನ ಕಸ ಎತ್ತುವ ಕೆಲಸ, ಮಕ್ಕಳಿಗೆ ಮುರಿದ ಆಟಿಕೆ ರಿಪೇರಿ ಮಾಡಿಕೊಡುವ ಖುಷಿ, ತೀರಿಕೊಂಡ ಹೆಂಡತಿಯ ಫೋಟೋ ಜೊತೆ ಮಾತು. ಅವನ ಮನೆ ಕಿತ್ತರೆ ಬೀದಿಗೆ ಬೆಲೆ ಬರುತ್ತದೆಂದು ಎದುರುಮನೆಯ ಸಾಹುಕಾರ ಅವನ ಬದುಕಿನ ಒಂದೊಂದೇ ಆಸರೆ ಕಿತ್ತುಹಾಕುತ್ತಾನೆ. ಕುಶಿಂಗ್ ಅವರ ಹೆಂಡತಿ ಹೆಲೆನ್ 1971ರ ಜನವರಿಯಲ್ಲಿ ತೀರಿಕೊಂಡಿದ್ದರು. ಆ ವರ್ಷವೇ ಈ ಚಿತ್ರೀಕರಣ. ಪಾತ್ರದ ಸತ್ತ ಹೆಂಡತಿಯ ಹೆಸರೂ ಹೆಲೆನ್. ಫೋಟೋದ ಮುಂದೆ ಕೂತು ಆತ ಆಡುವ ಮಾತಿನಲ್ಲಿ ಅಭಿನಯ ಎಲ್ಲಿ ಮುಗಿದು ದುಃಖ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದು. ಇಪ್ಪತ್ತು ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ ಒಬ್ಬ ಮನುಷ್ಯನ ಪೂರ್ತಿ ಬದುಕು ಕಂಡುಬಿಡುತ್ತದೆ.

‘ಸೈಕೋ’ ಕಾದಂಬರಿ ಬರೆದ ರಾಬರ್ಟ್ ಬ್ಲಾಕ್ ಆಮಿಕಸ್‌ಗೆ ಬರೆದ ‘ಅಸೈಲಮ್’ನಲ್ಲಿ ಹೊರಕಥೆಯೇ ಒಂದು ಪರೀಕ್ಷೆ. ಮಾನಸಿಕ ಆಸ್ಪತ್ರೆಗೆ ಕೆಲಸಕ್ಕೆ ಬಂದ ಯುವ ಡಾಕ್ಟರು ನಾಲ್ವರು ರೋಗಿಗಳ ಕಥೆ ಕೇಳಿ, ಅವರಲ್ಲಿ ಹುಚ್ಚು ಹಿಡಿದ ಹಿಂದಿನ ಮುಖ್ಯಸ್ಥ ಯಾರೆಂದು ಹೇಳಬೇಕು. ಆಗ ನಾವು ಕಥೆ ಕೇಳುವ ರೀತಿಯೇ ಬದಲಾಗುತ್ತದೆ. ಭಯಪಡುತ್ತಲೇ ಪತ್ತೇದಾರಿಗೂ ಇಳಿಯುತ್ತೇವೆ. 1974ರ ‘ಫ್ರಮ್ ಬಿಯಾಂಡ್ ದ ಗ್ರೇವ್’ನಲ್ಲಿ ಕುಶಿಂಗ್ ಹಳೆಯ ವಸ್ತುಗಳ ಅಂಗಡಿಯವರು. ಅವರಿಗೆ ಮೋಸ ಮಾಡಿ ವಸ್ತು ಒಯ್ದವರೆಲ್ಲ ನಾಶವಾಗುತ್ತಾರೆ. ಗಲ್ಲಾಪೆಟ್ಟಿಗೆ ತೆರೆದೇ ಬಿಟ್ಟಿದ್ದರೂ ಕೈ ಹಾಕದೆ ಹೋದ ಒಬ್ಬ ಗಿರಾಕಿ ಮಾತ್ರ ಬದುಕುತ್ತಾನೆ. ಅವನು ಪಾರಾದ ಮೇಲೆ ಅಂಗಡಿಯವರು ಹಣ ಎಣಿಸಿ ನೋಡುತ್ತಾರೆ, ಸರಿಯಾಗಿದೆ. ಹಿಂದಿನವರು ಯಾಕೆ ಸತ್ತರು, ಇವನು ಯಾಕೆ ಉಳಿದ ಎಂಬ ಲೆಕ್ಕ ಒಳಕಥೆಯಲ್ಲಿ ಇಲ್ಲ, ಅಂಗಡಿಯ ಗಲ್ಲಾದಲ್ಲಿದೆ.

ಕುದುರೆಯ ಗುಟ್ಟು, ಬಟ್ಟಲಿನ ಮುಖ

ಹೊರಕಥೆ ಇಲ್ಲದ ಆಂಥಾಲಜಿಗಳೂ ಇವೆಯಲ್ಲ ಎಂದು ಕೇಳಬಹುದು. ಬಾವಾ ಮತ್ತು ಕೊಬಯಾಶಿ ಅವರ ಚಿತ್ರಗಳು ಅಂಥವೇ. ಆದರೆ ಇಬ್ಬರೂ ಕೂಡುವ ಜಾಗವನ್ನು ಬೇರೆ ಬಗೆಯಲ್ಲಿ ಕಟ್ಟಿದ್ದಾರೆ.

ಬಾವಾ ಚಿತ್ರದ ‘ನೀರಿನ ಹನಿ’ ಕಥೆಯಲ್ಲಿ ನರ್ಸ್ ಒಬ್ಬಳು ರಾತ್ರಿ ಹೊತ್ತು ಹೆಣಕ್ಕೆ ಬಟ್ಟೆ ತೊಡಿಸಲು ಹೋಗುತ್ತಾಳೆ. ಸತ್ತವಳು ಪ್ರೇತಗಳ ಜೊತೆ ಮಾತಾಡುತ್ತಿದ್ದವಳು. ಬೆರಳಲ್ಲಿ ಬೆಲೆಬಾಳುವ ಉಂಗುರ. ನರ್ಸ್ ಅದನ್ನು ಕಳಚಿಕೊಳ್ಳುತ್ತಾಳೆ. ಆ ಗಳಿಗೆಯಲ್ಲಿ ಲೋಟ ಉರುಳಿ ನೀರು ತೊಟ್ಟಿಕ್ಕುತ್ತದೆ, ಒಂದು ನೊಣ ಹೆಣದ ಬೆರಳಿನ ಮೇಲೆ ಕೂರುತ್ತದೆ. ಮನೆಗೆ ಬಂದ ಮೇಲೆ ನೊಣ ಅವಳ ಬೆರಳಿಗೇ ಬರುತ್ತದೆ. ಎಲ್ಲೋ ನಲ್ಲಿ ತೊಟ್ಟಿಕ್ಕುತ್ತದೆ. ನಿಲ್ಲಿಸಿದರೆ ಇನ್ನೆಲ್ಲೋ ಶುರು. ಬಣ್ಣದ ಬೆಳಕು, ನೊಣದ ಗುಂಯ್ ಸದ್ದು, ಹನಿಯ ಸದ್ದು, ಇಷ್ಟರಲ್ಲೇ ಬಾವಾ ನಮ್ಮ ಉಸಿರು ಕಟ್ಟಿಸುತ್ತಾರೆ. ಬೆಳಗ್ಗೆ ನರ್ಸ್ ಸತ್ತುಬಿದ್ದಿದ್ದಾಳೆ, ಬೆರಳಲ್ಲಿ ಉಂಗುರವಿಲ್ಲ. ಹೆಣ ನೋಡಿದ ಮನೆಯ ಕಾವಲಿನಾಕೆಯ ಕಿವಿಗೂ ಈಗ ಹನಿ ಬೀಳುವ ಸದ್ದು ಕೇಳತೊಡಗಿದೆ.

ಬಾವಾ ಇಂಥ ಕಥೆಗಳ ಕೊನೆಗೆ ಮಾಡಿದ್ದೇನು? ರಕ್ತ ಹೀರುವ ಮುದುಕನ ವೇಷದಲ್ಲಿ ಕುದುರೆಯ ಮೇಲೆ ನಾಗಾಲೋಟದಲ್ಲಿ ಬರುತ್ತಿರುವ ನಟ ಬೋರಿಸ್ ಕಾರ್ಲೋಫ್ ನಮಗೆ ವಿದಾಯ ಹೇಳುತ್ತಾರೆ. ಕ್ಯಾಮೆರಾ ಹಿಂದೆ ಸರಿಯುತ್ತದೆ. ಕುದುರೆ ಬೊಂಬೆಯದು. ಕಾಡು ಹಿಂದಕ್ಕೆ ಓಡುವಂತೆ ಕಾಣಲು ಸ್ಟುಡಿಯೋ ಹುಡುಗರು ಕೈಯಲ್ಲಿ ಕೊಂಬೆ ಹಿಡಿದು ಸುತ್ತ ಓಡುತ್ತಿದ್ದಾರೆ. ಇಷ್ಟು ಹೊತ್ತು ನಡುಗಿಸಿದ್ದು ಹೇಗೆಂದು ಕಲಾವಿದನೇ ಸಂತೋಷದಿಂದ ತೆರೆದು ತೋರಿಸುವ ಈ ದೃಶ್ಯವನ್ನು ಅಮೆರಿಕದ ವಿತರಕರು ಕಿತ್ತರು. ಭಯವೂ ಒಂದು ಕೈಕೆಲಸ, ಅದನ್ನು ಮಾಡುವವರಿಗೂ ನೋಡುವವರಿಗೂ ಅದರಲ್ಲಿ ಸಮಾನ ಆನಂದವಿದೆ ಎಂಬ ಮಾತು ಅದರೊಂದಿಗೆ ಹೋಯಿತು.

‘ಕ್ವೈದಾನ್’ 1965ರ ಕಾನ್ ಚಿತ್ರೋತ್ಸವದಲ್ಲಿ ಜ್ಯೂರಿಯ ವಿಶೇಷ ಪ್ರಶಸ್ತಿ ಪಡೆಯಿತು. ಗ್ರೀಸ್‌ನಲ್ಲಿ ಹುಟ್ಟಿ ಜಪಾನಿನಲ್ಲಿ ನೆಲೆಸಿದ ಲಫ್ಕಾಡಿಯೊ ಹರ್ನ್ ಬರೆದಿಟ್ಟ ಕಥೆಗಳನ್ನು ಕೊಬಯಾಶಿ ಕೈಯಲ್ಲಿ ಬರೆದ ಆಕಾಶದ ಕೆಳಗೆ, ಒಳಾಂಗಣದಲ್ಲೇ ಎಬ್ಬಿಸಿದ ಕಾಡು ಮೇಡುಗಳಲ್ಲಿ ಚಿತ್ರಿಸಿದರು. ಹೊಯಿಚಿ ಎಂಬ ಕುರುಡ ಗಾಯಕನ ಕಥೆಯನ್ನು ಒಮ್ಮೆ ಕಂಡರೆ ಸಾಕು. 1185ರ ದಾನ್‌ನೊಉರಾ ಸಮುದ್ರ ಯುದ್ಧದಲ್ಲಿ ಮಡಿದ ವಂಶದ ಪ್ರೇತಗಳು ರಾತ್ರಿ ರಾತ್ರಿ ಅವನನ್ನು ಕರೆದೊಯ್ದು, ತಮ್ಮದೇ ಸೋಲಿನ ಹಾಡನ್ನು ಹಾಡಿಸಿ ಕೇಳುತ್ತವೆ. ಅವನನ್ನು ಉಳಿಸಲು ಗುರುಗಳು ಮೈತುಂಬ ಪ್ರಜ್ಞಾಪಾರಮಿತಾ ಹೃದಯ ಸೂತ್ರವನ್ನು ಬರೆಸುತ್ತಾರೆ. ಬೆನ್ನು, ಎದೆ, ಅಂಗಾಲು, ಕಣ್ಣರೆಪ್ಪೆ, ಎಲ್ಲೆಡೆ ಅಕ್ಷರ. ಕಿವಿ ಮಾತ್ರ ಮರೆತುಹೋಗುತ್ತದೆ. ಬಂದ ಪ್ರೇತಸೈನಿಕನಿಗೆ ಕತ್ತಲಲ್ಲಿ ಕಾಣುವುದು ಎರಡು ಕಿವಿ ಮಾತ್ರ. ಅವನ್ನೇ ಕಿತ್ತೊಯ್ಯುತ್ತಾನೆ.

ಕೊನೆಯ ಕಥೆಯಲ್ಲಿ ಕೊಬಯಾಶಿ ಅಡಗಿಸಿಟ್ಟ ಹೊರಕಥೆಯನ್ನು ಹೊರತೆಗೆಯುತ್ತಾರೆ. ಕುಡಿಯಲು ಎತ್ತಿದ ಬಟ್ಟಲಿನಲ್ಲಿ ಅಪರಿಚಿತನ ಮುಖ ಕಂಡ ಯೋಧನೊಬ್ಬನ ಕಥೆ ಅದು. ಅದನ್ನು ಬರೆಯುತ್ತಿದ್ದ ಲೇಖಕ ಅರ್ಧಕ್ಕೇ ನಿಲ್ಲಿಸಿ ಕಾಣೆಯಾಗಿದ್ದಾನೆ. ಹುಡುಕಿದರೆ, ಮನೆಯ ನೀರಿನ ಹಂಡೆಯೊಳಗಿಂದ ಲೇಖಕನ ಮುಖವೇ ಇಣುಕುತ್ತದೆ. ಮೂರು ಗಂಟೆ ಕಥೆ ಹೇಳಿದ ಚಿತ್ರ ಕೊನೆಗೆ ಕಥೆ ಹೇಳುವವನನ್ನೇ ನುಂಗುತ್ತದೆ.

ಹೆಗಲ ಮೇಲಿನ ಹೆಣ

ಈ ಆಟ ನಮಗೆ ಹೊಸದೇನಲ್ಲ. ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ಸೋಮದೇವ ಬರೆದ ‘ಕಥಾಸರಿತ್ಸಾಗರ’ದಲ್ಲಿರುವ ಬೇತಾಳ ಕಥೆಗಳನ್ನು ಚಂದಮಾಮದ ಮೂಲಕ ಓದದೆ ದೊಡ್ಡವರಾದ ಕನ್ನಡಿಗರು ಒಂದು ತಲೆಮಾರಿನಲ್ಲಿ ಕಡಿಮೆ. ಕತ್ತಿ ಹಿಡಿದ ರಾಜ, ಹೆಗಲ ಮೇಲೆ ಹೆಣ, ಶಂಕರ್ ಬರೆದ ಆ ಚಿತ್ರ ಕಣ್ಣಿಗೆ ಕಟ್ಟಿದಂತಿದೆ. ಬೇತಾಳ ಹೇಳುವ ಕಥೆಗಳಲ್ಲಿ ಹೆಚ್ಚಿನವು ಭಯದ ಕಥೆಗಳೇ ಅಲ್ಲ, ನ್ಯಾಯದ ಒಗಟುಗಳು. ಭಯ ಇರುವುದು ಸ್ಮಶಾನದಲ್ಲಿ, ಕಥೆ ಹೇಳುತ್ತಿರುವ ಹೆಣದಲ್ಲಿ. ಕೊನೆಗೆ ಉತ್ತರ ತೋಚದೆ ರಾಜ ಸುಮ್ಮನಾದಾಗ ಬೇತಾಳ ನಿಜ ಹೇಳುತ್ತದೆ: ನಿನ್ನನ್ನು ಕಳಿಸಿದ ಭಿಕ್ಷು ನಿನ್ನನ್ನೇ ಬಲಿ ಕೊಡಲು ಕಾದಿದ್ದಾನೆ. ಅಷ್ಟೂ ಕಥೆಗಳ ಹೊತ್ತು ರಾಜ ತನ್ನ ಸಾವಿನ ಕಡೆಗೇ ನಡೆಯುತ್ತಿದ್ದ. ರೈಲಿನ ಐವರು ಪ್ರಯಾಣಿಕರ ಗತಿಯೂ ಅದೇ ತಾನೇ? ರಾಜ ಪಾರಾದ, ಅವರು ಆಗಲಿಲ್ಲ ಎಂಬಷ್ಟೇ ವ್ಯತ್ಯಾಸ.

ರವೀಂದ್ರನಾಥ ಠಾಕೂರರ ಕಥೆಯಿಂದ ರಾಯ್ ಮಾಡಿದ, ‘ತೀನ್ ಕನ್ಯಾ’ದ ಆ ದೆವ್ವದ ಕಥೆ ‘ಮೊನಿಹಾರಾ’ ಕೂಡ ಇದೇ ಜಾಡಿನದು. ಪಾಳುಬಿದ್ದ ಘಟ್ಟದ ಮೆಟ್ಟಿಲಲ್ಲಿ ಊರ ಮೇಷ್ಟರು ಅಪರಿಚಿತನೊಬ್ಬನಿಗೆ ಕಥೆ ಹೇಳುತ್ತಿದ್ದಾರೆ: ಒಡವೆಯ ಹುಚ್ಚು ಹಿಡಿದ ಮಣಿಮಾಲಿಕೆ, ಅವಳ ಗಂಡ ಫಣಿಭೂಷಣ, ಸತ್ತ ಮೇಲೂ ಒಡವೆ ಪೆಟ್ಟಿಗೆಗೆ ಚಾಚಿಬರುವ ಬಳೆ ತೊಟ್ಟ ಎಲುಬಿನ ಕೈ. ಎಲ್ಲ ಮುಗಿದ ಮೇಲೆ ಕೇಳುಗ, ಕಥೆ ಚೆನ್ನಾಗಿದೆ, ಆದರೆ ಅಲ್ಲಲ್ಲಿ ತಪ್ಪಿದೆ, ನಾನೇ ಫಣಿಭೂಷಣ ಎಂದು ಹೇಳಿ ಮಾಯವಾಗುತ್ತಾನೆ. ಎರಡು ಮನೆಮಾತಿನ ಕಥೆಗಳ ನಡುವೆ ಈ ಕತ್ತಲ ಕಥೆಯನ್ನು ರಾಯ್ ಬೇಕೆಂದೇ ಇಟ್ಟಿದ್ದರು. ಅದನ್ನು ಕಾಣದೆ ‘ತೀನ್ ಕನ್ಯಾ’ದ ಉಳಿದಿಬ್ಬರು ಹೆಣ್ಣುಮಕ್ಕಳ ಕಥೆಯನ್ನಷ್ಟೇ ಕಂಡ ಪರದೇಶದ ಪ್ರೇಕ್ಷಕ, ಹೆಣ್ಣಿನ ಒಂಟಿತನ ಹೋಗಿ ಮುಟ್ಟುವ ಆಳವನ್ನು ಕಾಣಲಿಲ್ಲ.

ಎಲ್ಲ ಆಂಥಾಲಜಿಗಳೂ ಗಟ್ಟಿ ಎಂದು ಹೇಳಲು ಬರುವುದಿಲ್ಲ. ಆಮಿಕಸ್ ಚಿತ್ರಗಳಲ್ಲೂ ಜಾಗ ತುಂಬಲು ಬಂದ ಕಥೆಗಳಿವೆ. ಇವತ್ತಿನ ಒಟಿಟಿ ಆಂಥಾಲಜಿಗಳಲ್ಲಿ ಹಲವಕ್ಕೆ ಸಾಮಾನ್ಯ ಶೀರ್ಷಿಕೆ ಬಿಟ್ಟರೆ ಬೇರೆ ನಂಟಿಲ್ಲ. ಒಂದೊಂದು ಕಥೆಯೂ ಒಬ್ಬೊಬ್ಬ ನಿರ್ದೇಶಕನ ಬಿಡಿ ಕಿರುಚಿತ್ರ. ಬೇಡದ್ದನ್ನು ರಿಮೋಟಿನಲ್ಲಿ ದಾಟಿಸಿ ಮುಂದೆ ಹೋಗಬಹುದು, ಏನೂ ಕಳೆದುಹೋಗುವುದಿಲ್ಲ. ಅಂದು ವಿತರಕರ ಕೈಯಲ್ಲಿದ್ದ ಕತ್ತರಿ ಈಗ ನೋಡುಗನ ಕೈಗೆ ಬಂದಿದೆ. ದಾಟಿಸಿದರೆ ನಷ್ಟವಾಗುವಂಥ ಚಿತ್ರವನ್ನು ಕಟ್ಟುವುದು ಆದ್ದರಿಂದಲೇ ಹಿಂದೆಂದಿಗಿಂತ ಇಂದು ಮುಖ್ಯ.

ಕನ್ನಡಕ್ಕೆ ಆ ಶಕ್ತಿ ಇದೆ. ಪುಟ್ಟಣ್ಣ ಕಣಗಾಲ್ 1976ರಲ್ಲೇ ‘ಹಂಗು’, ‘ಅತಿಥಿ’, ‘ಮುನಿತಾಯಿ’ ಎಂಬ ಮೂರು ಸಣ್ಣಕಥೆಗಳನ್ನು ಸೇರಿಸಿ ‘ಕಥಾ ಸಂಗಮ’ ಮಾಡಿ ತೋರಿಸಿದ್ದರು. ಅದು ಭಯದ ಚಿತ್ರವಲ್ಲ. ಆದರೆ ನಮ್ಮ ಪ್ರೇಕ್ಷಕ ಬಿಡಿ ಕಥೆಗಳ ಚಿತ್ರವನ್ನು ಕೂತು ನೋಡಬಲ್ಲ ಎಂಬುದಕ್ಕೆ ಸಾಕ್ಷಿ. ಕೊಳ್ಳಿದೆವ್ವ, ಮೋಹಿನಿ, ಬ್ರಹ್ಮರಾಕ್ಷಸ, ಬಾಗಿಲ ಮೇಲೆ ಬರೆದ ‘ನಾಳೆ ಬಾ’: ಊರೂರಲ್ಲಿ ಕಥೆಗಳಿಗೆ ಬರವಿಲ್ಲ. ಘಾಟಿ ರಸ್ತೆಯಲ್ಲಿ ಮಳೆಗೆ ಕೆಟ್ಟು ನಿಂತ ರಾತ್ರಿ ಬಸ್ಸು, ಲೈಟ್ ಆರಿಸಿದ ಡ್ರೈವರ್, ಹೊತ್ತು ಕಳೆಯಲು ಮಾತಿಗಿಳಿದ ನಾಲ್ಕು ಜನ ಎಂದರೆ ಹೊರಕಥೆಯೂ ಅರ್ಧ ಸಿದ್ಧವಾದಂತೆ.

ಆ ಚಿತ್ರ ಮಾಡುವವರು ದೆವ್ವ ಎಂಥದು, ಎಷ್ಟು ಕಥೆ ಎಂದು ಆಮೇಲೆ ಯೋಚಿಸಿದರೂ ನಡೆದೀತು. ಮೊದಲು ಉತ್ತರಿಸಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ. ಕಥೆ ಹೇಳುತ್ತಿರುವವರು ಯಾರು? ಕೇಳುತ್ತಿರುವವನು ಎದ್ದು ಹೋಗಲು ಯಾಕೆ ಆಗುವುದಿಲ್ಲ? ಎಲ್ಲ ಕಥೆ ಮುಗಿದ ಮೇಲೆ ಅವನಿಗೆ ಏನಾಗುತ್ತದೆ? ಈ ಮೂರಕ್ಕೆ ಉತ್ತರ ಸಿಕ್ಕ ಚಿತ್ರದಿಂದ ಒಂದು ಕಥೆಯನ್ನೂ ಕಿತ್ತುಹಾಕಲು ಯಾರಿಂದಲೂ ಆಗದು. ಎಂಬತ್ತು ವರ್ಷ ದಾಟಿದ ‘ಡೆಡ್ ಆಫ್ ನೈಟ್’ ಇವತ್ತಿಗೂ ನಮ್ಮನ್ನು ನಡುಗಿಸುತ್ತಿರುವುದು ಈ ಕಾರಣಕ್ಕೇ.